ಕಂಬಳಿಗಂಡಿಯಲ್ಲಿ ಮುಖ ತಿರುಗಿಸಿ ಕುಳಿತವನು

ಚಿತ್ರದುರ್ಗದ ಸೀಮೆಯ ಬಯಲಿನಲ್ಲಿ, ಹೆದ್ದಾರಿಯಿಂದ ಎರಡು ಮೈಲಿ ಒಳಗೆ, ಕಂಬಳಿಗಂಡಿ ಎಂಬ ಊರಿದೆ. ಊರಿನ ದಾರಿ ಕೆರೆ ಏರಿಯ ಬುಡವನ್ನು ಹಿಡಿದೇ ಸಾಗುತ್ತದೆ. ಏರಿ ಮುಗಿದು ಮನೆಗಳು ಶುರುವಾಗುವ ಕಡೆ ಒಂದು ಬೇವಿನ ಮರವಿದೆ. ಅದರ ಕೆಳಗೆ ಎರಡು ಕಲ್ಲುಕಂಬಗಳ ನಡುವೆ ಊರಿನ ಫಲಕ ನಿಂತಿದೆ. ಆಳೆತ್ತರದ ತಗಡು. ಮೇಲೆ ಬಿಳಿ ಅಕ್ಷರದಲ್ಲಿ ಊರಿನ ಹೆಸರು, ಕೆಳಗೆ ಚಿತ್ರ. ಚಿತ್ರದಲ್ಲಿ ಹಾಸಿದ ಕರಿಯ ಕಂಬಳಿ, ಅದರ ಮೇಲೆ ಅಡ್ಡಲಾಗಿ ಒಂದು ಕೋಲು, ಕಂಬಳಿಯ ನಟ್ಟನಡುವೆ ಕೆಸರಿನ ಒಂದೇ ಹೆಜ್ಜೆ. ಕಂಬಳಿಯ ಮುಂದೆ ಒಬ್ಬ ಮನುಷ್ಯ ಕುಳಿತಿದ್ದಾನೆ. ಅವನ ಮೈ ಕಂಬಳಿಯ ಕಡೆಗಿದೆ, ಮುಖ ಮಾತ್ರ ಬಲಭುಜದ ಮೇಲಿಂದ ಪೂರ್ತಿ ಹಿಂದಕ್ಕೆ ತಿರುಗಿದೆ. ಹೊಸಬರು ಇದನ್ನು ಕಂಡು, ಚಿತ್ರ ಬರೆದವನಿಗೆ ಕುತ್ತಿಗೆ ಬರೆಯಲು ಬರುತ್ತಿರಲಿಲ್ಲ ಎಂದು ನಗುತ್ತಾರೆ.

ಬರೆದವನ ತಪ್ಪೇನೂ ಇಲ್ಲ. ಕೆಲವು ವರ್ಷಗಳ ಹಿಂದೆ ಪಂಚಾಯತಿಯವರು ಹಳೆಯ ಫಲಕ ತೆಗೆದು ಹೊಸದು ಮಾಡಿಸಿದಾಗ, ಪೇಟೆಯಿಂದ ಬಂದ ಕಲಾವಿದ ಮುಖವನ್ನು ನೇರವಾಗಿ, ಮೀಸೆ ತಿದ್ದಿ, ಚೆಂದವಾಗಿಯೇ ಬರೆದಿದ್ದ. ಊರಿನವರು ಒಪ್ಪಲಿಲ್ಲ. ಆ ದಿನ ಫಲಕದ ಮುಂದೆ ಸೇರಿದವರಲ್ಲಿ ಒಬ್ಬ ಮುದುಕಿ ಮುಂದೆ ಬಂದು, "ಅವನು ನಿನ್ ಕಡೆ ನೋಡಿದ್ರೆ ನಾವ್ಯಾರೂ ಇರ್ತಿರ್ಲಿಲ್ಲ ಕಣಪ್ಪ. ಆ ಕಡೆ ತಿರುಗ್ಸು," ಎಂದಳಂತೆ. ಕಲಾವಿದ ಮತ್ತೆ ಏಣಿ ಹತ್ತಿದ. ಮುಖ ಅಳಿಸಿ ಆ ಕಡೆ ತಿರುಗಿಸಿದ. ಈಗ ಅದು ನೋಡುತ್ತಿರುವುದು ಕೆರೆಯನ್ನು.

ಹಿಂದೆ ಒಮ್ಮೆ ಈ ಊರನ್ನು ಎರೆಕಟ್ಟೆ ಎಂದು ಕರೆಯುತ್ತಿದ್ದರು ಎನ್ನುತ್ತಾರೆ. ಎಷ್ಟು ಕಾಲದ ಹಿಂದೆ ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ, ದುರ್ಗದಲ್ಲಿ ಪಾಳೆಯಗಾರರು ಇದ್ದಾಗ ಎಂದಷ್ಟೇ ಹೇಳುತ್ತಾರೆ. ಕುರುಬರ ಊರು. ಕುರಿ ಕಾಯುವುದು, ಉಣ್ಣೆ ನೂಲುವುದು, ಕಂಬಳಿ ನೇಯುವುದು, ಕೆರೆಯ ಕೆಳಗೆ ಒಂದಿಷ್ಟು ಭತ್ತ ಬೆಳೆಯುವುದು ಅಲ್ಲಿಯ ಬದುಕು. ಜಗಳ ಬಂದರೆ ಯಾವ ಅರಮನೆಗೂ ಹೋಗುತ್ತಿರಲಿಲ್ಲ. ಬೀರಪ್ಪನ ಗುಡಿಯ ಮುಂದೆ ಗದ್ದುಗೆ ಕಂಬಳಿ ಹಾಸಿ, ಅದರ ಮುಂದೆ ಕುಳಿತು ತೀರಿಸಿಕೊಳ್ಳುತ್ತಿದ್ದರು. ಆ ಕಂಬಳಿ ಯಾರೊಬ್ಬರ ಮನೆಯದೂ ಅಲ್ಲ. ಮನೆಗೊಂದು ಉಂಡೆ ನೂಲು ಎತ್ತಿ, ಹನ್ನೆರಡು ಮೊಳ ಉದ್ದಕ್ಕೆ ನೇಯ್ದು, ಹುಣಸೆಬೀಜದ ಗಂಜಿಯನ್ನು ಮೂರು ಸಲ ಕುಡಿಸಿ ಒಣಗಿಸಿದ್ದು. ಮೇಲೆ ನೀರು ಚೆಲ್ಲಿದರೆ ಮಣಿಗಳಾಗಿ ಉರುಳಿ ಹೋಗುತ್ತಿತ್ತು. ಅದು ಸವೆದಾಗ ಹೊಸದು ನೇಯುವರು. ಆದರೆ ಹಳೆಯದರ ಒಂದು ಎಳೆಯಾದರೂ ಹೊಸದರ ಹಾಸಿನಲ್ಲಿ ಸೇರಲೇಬೇಕು. ಆ ಎಳೆ ಇಲ್ಲದಿದ್ದರೆ ಅದು ಹೊದೆಯುವ ಕಂಬಳಿ, ಗದ್ದುಗೆ ಅಲ್ಲ.

ಗದ್ದುಗೆಗೆ ಕಟ್ಟಳೆಗಳಿದ್ದವು. ಅದರ ಮೇಲೆ ಯಾರೂ ಕಾಲಿಡಬಾರದು, ಇಟ್ಟವನು ಕುಲದಿಂದ ಹೊರಗೆ. ಅಂಚಿನಲ್ಲಿ ಕೂರುವ ಹಕ್ಕು ಯಜಮಾನನಿಗೆ ಮಾತ್ರ, ಮತ್ತು ಕುಳಿತ ಮೇಲೆ ತೀರ್ಪು ಹೇಳುವವರೆಗೆ ಅವನೂ ಏಳುವಂತಿಲ್ಲ, ಕಂಬಳಿಯನ್ನೂ ಎತ್ತುವಂತಿಲ್ಲ. ತೀರ್ಪು ಹೇಳುವಾಗ ದೂರು ಹೇಳಿದವನೂ ದೂರು ಹೊತ್ತವನೂ ಬೀರಪ್ಪನ ಭಂಡಾರದ, ಎಂದರೆ ಪೂಜೆಯ ಅರಿಶಿನದ ಮೇಲೆ ಕೈ ಇಟ್ಟಿರಬೇಕು. ಇನ್ನೊಂದು ಕಟ್ಟಳೆ ದೂರು ಹೊತ್ತವನ ಕಣ್ಣಿಗೆ ಸಂಬಂಧಿಸಿದ್ದು. ನ್ಯಾಯ ನಡೆಯುವಷ್ಟು ಹೊತ್ತೂ ಅವನ ನೋಟ ಭಂಡಾರದ ಮೇಲೆಯೇ ನೆಟ್ಟಿರಬೇಕು. ಆಚೆ ಹೊರಳಿದಾಗಲೆಲ್ಲ ಯಜಮಾನ ಒಂದು ಹರಳು ಇಡುತ್ತಾನೆ. ಮೂರು ಹರಳಾದರೆ ಅವನು ತಪ್ಪು ಒಪ್ಪಿಕೊಂಡ ಹಾಗೆ. ಸುಳ್ಳನ ಕಣ್ಣು ನಿಲ್ಲುವುದಿಲ್ಲ ಎಂದು ಆ ಹಿರಿಯರು ನಂಬಿದ್ದರು. ಕಣ್ಣು ನಿಲ್ಲದಿರಲು ಬೇರೆ ಕಾರಣಗಳೂ ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಊರಿನ ನೀರಗಂಟಿಯ ಹೆಸರು ಮುದ್ದೀರ. ತೂಬು ತೆಗೆದು ಮುಚ್ಚುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು, ಏರಿ ಕಾಯುವುದು ಅವನ ಕೆಲಸ. ತಾತನ ಕಾಲದಿಂದ ಬಂದದ್ದು. ಕೈಯಲ್ಲಿ ಬಾಗೆಮರದ ಒಂದು ಕೋಲು, ಅದೇ ಅವನ ಅಧಿಕಾರ. ಏರಿಯ ಉದ್ದ ಸಾವಿರದ ನೂರ ನಲವತ್ತು ಹೆಜ್ಜೆ. ಬೆಳಿಗ್ಗೆ ಏರಿಯ ಮೇಲೆ ಒಂದು ಸುತ್ತು, ಸಂಜೆ ಏರಿಯ ಬುಡದಲ್ಲಿ ಒಂದು ಸುತ್ತು, ಒಂದು ದಿನವೂ ತಪ್ಪಿಸಿದವನಲ್ಲ. ಬುಡದಲ್ಲಿ ನಡೆಯುವಾಗ ಅವನು ಒಂದೇ ವಿಷಯ ನೋಡುತ್ತಿದ್ದ. ಮಣ್ಣಿನ ಏರಿ ಅಂದ ಮೇಲೆ ಅಲ್ಲಲ್ಲಿ ಜಿನುಗುತ್ತದೆ. ಜಿನುಗು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕದಡಿ ಬಂದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಕರಗಿ ಹೊರಗೆ ಹರಿಯುತ್ತಿದೆ ಎಂದರ್ಥ. ಆಮೇಲೆ ಉಳಿಯುವ ಹೊತ್ತು ಬಹಳ ಕಡಿಮೆ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಏಳು ವರ್ಷಗಳ ಮೇಲೆ ಕೆರೆ ತುಂಬಿ ಕೋಡಿ ಬಿತ್ತು. ನಾಟಿ ಮುಗಿದ ಮಾರನೆಯ ವಾರ ನೀರಿನ ಸರದಿ ಓಬಣ್ಣ ಎಂಬ ರೈತನದು. ಅವನ ಗದ್ದೆಗೆ ನೀರು ತಡವಾಗಿ, ಸಣ್ಣಗೆ ಬಂತು. ಅದೇ ಹೊತ್ತಿನಲ್ಲಿ, ಏರಿಗೆ ತಗುಲಿಕೊಂಡೇ ಇದ್ದ ಲಕ್ಕವ್ವನ ಹೊಲದ ಮೂಲೆಯಲ್ಲಿ ಕಾಲು ಹೂತುಹೋಗುವಷ್ಟು ಕೆಸರು. ಲಕ್ಕವ್ವ ಗಂಡನಿಲ್ಲದ ಹೆಂಗಸು, ಒಬ್ಬಳೇ ದುಡಿಯುವವಳು. ಅವಳ ಸರದಿ ಇನ್ನೂ ನಾಲ್ಕು ದಿನ ದೂರವಿತ್ತು. ಓಬಣ್ಣ ಆ ಕೆಸರನ್ನು ಕೈತುಂಬ ಎತ್ತಿಕೊಂಡು ಬಂದು ಊರಬಾಗಿಲಲ್ಲಿ ತೋರಿಸಿದ. ನೀರಗಂಟಿ ಸರದಿ ತಪ್ಪಿಸಿ ನೀರು ಮಾರಿಕೊಂಡ ಎಂದ. ನೀರಗಂಟಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಸಾಬೀತಾದರೆ ಕೋಲು ಹೋಗುತ್ತದೆ, ಅವನಿಂದ ಮಾತ್ರವಲ್ಲ, ಮನೆತನದಿಂದಲೇ.

ದೂರು ಬಿದ್ದ ದಿನವೇ ಮುದ್ದೀರನ ಕೈಯಿಂದ ಕೋಲು ಇಸಿದುಕೊಂಡು ಗುಡಿಯಲ್ಲಿ ಇಟ್ಟರು. ತೀರ್ಪಿನವರೆಗೆ ಅವನು ಏರಿ ಮೆಟ್ಟುವಂತಿಲ್ಲ. ಕೋಲು ಹಿಡಿಯದವನು ಏರಿ ಕಾಯುವಂತಿಲ್ಲವಾದ್ದರಿಂದ ಅವನ ಬದಲು ಇನ್ನೊಬ್ಬನೂ ಹೋಗಲಿಲ್ಲ. ಗದ್ದುಗೆಯ ಯಜಮಾನ ಹಾಲಜ್ಜ ನೆಂಟರ ಊರಿಗೆ ಹೋಗಿದ್ದ. ಬರುವುದು ಮುಂದಿನ ಸೋಮವಾರಕ್ಕೆ. ಹೀಗೆ ಏಳು ವರ್ಷದಲ್ಲಿ ಒಮ್ಮೆ ತುಂಬಿದ ಕೆರೆ, ಎಂಟು ದಿನ ಕಾವಲಿಲ್ಲದೆ ನಿಂತಿತು. ಇದು ತಪ್ಪೆಂದು ಯಾರಿಗೂ ತೋಚಲಿಲ್ಲ, ಕಟ್ಟಳೆಯ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು.

ಮುದ್ದೀರನ ಕಾಲು ಮಾತ್ರ ಸುಮ್ಮನಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಬಾಗಿಲವರೆಗೆ ಬರುವನು, ನೆನಪಾಗಿ ನಿಲ್ಲುವನು. ಕೈ ಕೋಲಿಗಾಗಿ ಮೂಲೆಯಲ್ಲಿ ತಡಕುವುದು, ಬರಿಗೈ ಹಿಂದಕ್ಕೆ ಬರುವುದು. ಮೂರನೆಯ ದಿನದಿಂದ ಅವನು ಅಂಗಳದಲ್ಲೇ ನಡೆಯತೊಡಗಿದ. ಬೇಲಿಯಿಂದ ಒರಳಿಗೆ, ಒರಳಿನಿಂದ ಬೇಲಿಗೆ, ಎಣಿಸಿ ಎಣಿಸಿ ಸಾವಿರದ ನೂರ ನಲವತ್ತು. "ಒಂದ್ ಗಳಿಗೆ ಕೂತ್ಕಬಾರ್ದಾ? ಅಂಗಳ ಸವೆದು ಹಳ್ಳ ಆಯ್ತು," ಎಂದಳು ಹೆಂಡತಿ. ಅವನು ಕೂತ, ಕೂತಲ್ಲೇ ಹೆಬ್ಬೆರಳು ನೆಲ ಗೀರುತ್ತಿತ್ತು. ಆರೋಪದ ಸಂಕಟ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಅವನನ್ನು ತಿನ್ನುತ್ತಿದ್ದದ್ದು ಬೇರೆ ಲೆಕ್ಕ. ತೂಬಿನ ಒಂದೇ ಕಣ್ಣು ತೆಗೆದದ್ದು ಅವನಿಗೆ ಚೆನ್ನಾಗಿ ಗೊತ್ತು. ಆ ಕಣ್ಣಿನ ನೀರು ಓಬಣ್ಣನ ಕಾಲುವೆಗೇ ಹೋಯಿತು. ಹಾಗಾದರೆ ಲಕ್ಕವ್ವನ ಹೊಲ ನೆನೆದದ್ದು ಯಾವ ನೀರಿನಿಂದ? ಹೋಗಿ ನೋಡಿದರೆ ಗೊತ್ತಾಗುತ್ತಿತ್ತು. ಹೋಗುವಂತಿರಲಿಲ್ಲ.

ಸೋಮವಾರ ಬಂತು. ಬಿಸಿಲು ಬಿದ್ದಿತ್ತು. ಗುಡಿಯ ಮುಂದೆ ಗದ್ದುಗೆ ಹಾಸಿ, ನಡುವೆ ಭಂಡಾರದ ಚೀಲ, ಅದರ ಮುಂದೆ ನೀರಗಂಟಿಯ ಕೋಲು ಇಟ್ಟರು. ಹಾಲಜ್ಜ ಅಂಚಿನಲ್ಲಿ ಕುಳಿತ. ಎಂಬತ್ತರ ಮುದುಕ, ಮೊಣಕಾಲು ಮಡಿಸಲು ಇಬ್ಬರು ಹಿಡಿಯಬೇಕಾಯಿತು. ಎದುರಿಗೆ ಮುದ್ದೀರ. ಅವನ ಬೆನ್ನ ಹಿಂದೆ ನಾನೂರು ಹೆಜ್ಜೆ ದೂರದಲ್ಲಿ ಏರಿ. ಊರೆಲ್ಲ ಸುತ್ತ ಸೇರಿತ್ತು.

ಓಬಣ್ಣ ದೂರು ಹೇಳಿದ. ಕೆಸರಿನ ಮಾತು, ಸರದಿಯ ಮಾತು ಎಲ್ಲ ಮುಗಿಸಿ, "ಲಕ್ಕವ್ವನ ಮನೆ ಮಜ್ಜಿಗೆ ಬಲು ಸಿಹಿ ಅಂತ ಕಾಣ್ತೈತೆ. ಕುಡಿದವನ ಕೈ ತೂಬಿನ ಮ್ಯಾಲೆ ಜಾರ್ತೈತೆ," ಎಂದ. ಜನ ನಕ್ಕರು. ಲಕ್ಕವ್ವ ಮುಖ ಕೆಂಪಗೆ ಮಾಡಿಕೊಂಡು, "ನಿನಗೆ ಮಜ್ಜಿಗೆ ಕೊಟ್ಟಿದ್ರೆ ಹುಳೀನೇ ಕೊಡ್ತಿದ್ದೆ, ಬಾಯಿ ತೊಳ್ಕಳಾಕೆ," ಎಂದಳು. ಇನ್ನೂ ಜೋರು ನಗು. ಆ ನಗುವಿನ ನಡುವೆ ದೂರದಲ್ಲಿ ಬೆಳ್ಳಕ್ಕಿಗಳ ಕೂಗು ಮುದ್ದೀರನ ಕಿವಿಗೆ ಬಿತ್ತು. ಬೆಳ್ಳಕ್ಕಿ ಕೆರೆಯಲ್ಲಿರುವುದು ಸಹಜ. ಇದು ಕೆರೆಯೊಳಗಿನ ಕೂಗಲ್ಲ, ಏರಿಯ ಈಚೆಯದು. ತಿರುಗಿ ನೋಡಿದ. ಏರಿಯ ಬುಡದಲ್ಲಿ, ಲಕ್ಕವ್ವನ ಹೊಲದ ಮೂಲೆಯಲ್ಲಿ, ಇಪ್ಪತ್ತು ಮೂವತ್ತು ಬೆಳ್ಳಕ್ಕಿ ಸಾಲಾಗಿ ನಿಂತು ನೆಲ ಕುಕ್ಕುತ್ತಿದ್ದವು. ಹಾಲಜ್ಜ ಒಂದು ಹರಳು ಇಟ್ಟ. ಟಕ್ ಎಂದಿತು.

ಮುದ್ದೀರ ನೋಟವನ್ನು ಭಂಡಾರಕ್ಕೆ ಎಳೆದು ತಂದ. ಬೆನ್ನಿಗೆ ಕಣ್ಣು ಬಂದ ಹಾಗೆ ಬೆನ್ನು ಉರಿಯುತ್ತಿತ್ತು. ಹಾಲಜ್ಜ ಲಕ್ಕವ್ವನನ್ನು ಕರೆದು ನೀರು ಹೇಗೆ ಬಂತು ಎಂದು ಕೇಳಿದ. "ಕಾಲುವೆಯಿಂದ ಬರ್ಲಿಲ್ಲ ಅಜ್ಜ. ನೆಲದಿಂದ ಬಂತು. ಮೂಲೆಯಾಗೆ ಒರತೆ ಥರ ಉಕ್ಕತಾ ಐತೆ." ಓಬಣ್ಣ ಚಪ್ಪಾಳೆ ತಟ್ಟಿದ. "ಕೇಳಿದ್ರಾ? ಇವಳ ಹೊಲದಾಗೆ ಗಂಗಮ್ಮ ಹುಟ್ಟವಳೆ!" ಮತ್ತೆ ನಗು. ಮುದ್ದೀರ ನಗಲಿಲ್ಲ. ಕಟ್ಟಳೆ ಮರೆತು ಅವಳ ಕಡೆ ಹೊರಳಿದ. "ಲಕ್ಕವ್ವಾ, ನೀರು ಯಾವ ಬಣ್ಣ?" ಎರಡನೆಯ ಹರಳು ಬಿತ್ತು.

"ಮೊದಮೊದಲು ತಿಳಿ ಇತ್ತು ಕಣಣ್ಣ. ಇವತ್ತು ಬೆಳಿಗ್ಗೆ ರಾಗಿ ಅಂಬಲಿ ಇದ್ದಂಗಿತ್ತು."

ಮುದ್ದೀರ ಹಾಲಜ್ಜನಿಗೆ ಕೈ ಮುಗಿದ. "ಅಜ್ಜಾ, ಏರಿ ಒಡೀತೈತೆ," ಎಂದ. ಯಾರೂ ಅಲ್ಲಾಡಲಿಲ್ಲ. ಓಬಣ್ಣ, "ಎರಡು ಹರಳಾದ ಮ್ಯಾಲೆ ಎಲ್ಲಾರಿಗೂ ಏರಿ ಒಡೀತೈತೆ. ಮೂರನೇದು ಬೀಳ್ಲಿ, ಆಮ್ಯಾಕೆ ಕೆರೆ ನೋಡೋಣಂತೆ," ಎಂದ. ದೂರು ಹೊತ್ತವನ ಮಾತಿಗೆ ತೀರ್ಪಿನವರೆಗೆ ತೂಕವಿಲ್ಲ, ಅದೂ ಕಟ್ಟಳೆಯೇ. ಈಗ ಮುದ್ದೀರನ ಮುಂದೆ ಎರಡೇ ದಾರಿ. ಭಂಡಾರವನ್ನೇ ನೋಡುತ್ತ ಕುಳಿತರೆ ಅವನ ಮಾತಿಗೆ ತೂಕ ಬಂದೀತು, ಕೋಲು ಉಳಿದೀತು, ಆದರೆ ಅಷ್ಟು ಹೊತ್ತು ಏರಿ ಉಳಿಯುವುದೇ? ತಿರುಗಿ ನೋಡಿದರೆ ತನ್ನ ಬಾಯಿಂದಲೇ ತಾನು ಕಳ್ಳನೆಂದು ಹೇಳಿಕೊಂಡ ಹಾಗೆ. ಅವನು ತಿರುಗಿದ. ಮೈ ಕಂಬಳಿಯ ಕಡೆ, ಮುಖ ಪೂರ್ತಿ ಕೆರೆಯ ಕಡೆ. ಬೆಳ್ಳಕ್ಕಿಗಳು ಎದ್ದು ಹಾರುತ್ತಿದ್ದವು. ಅವು ನಿಂತಿದ್ದ ಕಡೆ ನೆಲ ಬಿಸಿಲಿಗೆ ಹೊಳೆಯುತ್ತಿತ್ತು. ಮೂರನೆಯ ಹರಳು ಬಿತ್ತು. ಊರಿನ ಫಲಕದಲ್ಲಿ ಬರೆದಿರುವುದು ಆ ಗಳಿಗೆಯನ್ನು, ಕಂಬಳಿಯ ಮೇಲಿನ ಕೆಸರಿನ ಹೆಜ್ಜೆಯೊಂದು ಮಾತ್ರ ಆಮೇಲಿನದು.

ಆಮೇಲೆ ನಡೆದದ್ದೆಲ್ಲ ಬಲು ಬೇಗ. ತೀರ್ಪಿಗಾಗಿ ಹಾಲಜ್ಜ ಇಬ್ಬರನ್ನೂ ಭಂಡಾರ ಮುಟ್ಟಲು ಕರೆದ. ಮುದ್ದೀರ ಕೈ ಚಾಚಿ ಚೀಲವನ್ನೇ ಎತ್ತಿಕೊಂಡು ಓಡಿದ. ಆಮೇಲೆ, "ಭಂಡಾರ! ಬೀರಪ್ಪನ ಭಂಡಾರ ಕದ್ದ!" ಎಂದು ಓಬಣ್ಣ ಕೂಗಿ ಬೆನ್ನಟ್ಟಿದ. ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಅವನ ಹಿಂದೆ. ಏರಿ ಒಡೆಯುತ್ತಿದೆ ಎಂದರೂ ಅಲ್ಲಾಡದ ಊರು ಹೀಗೆ ಕಳ್ಳನನ್ನು ಹಿಡಿಯಲೆಂದು ಏರಿಗೆ ಬಂತು. ಗದ್ದುಗೆಯ ಅಂಚಿನಲ್ಲಿ ಹಾಲಜ್ಜ ಒಬ್ಬನೇ ಉಳಿದ. ಅವನು ಏಳುವಂತಿರಲಿಲ್ಲ.

ಏರಿಯಲ್ಲಿ ಬಿಲ ಬಿದ್ದರೆ ಹೊರಗಿನಿಂದ ಮುಚ್ಚಿ ಪ್ರಯೋಜನವಿಲ್ಲ. ನೀರು ಒಳಹೋಗುವ ಬಾಯನ್ನು ಕೆರೆಯ ಕಡೆಯಿಂದಲೇ ಮುಚ್ಚಬೇಕು. ಬಾಯಿ ಇರುವಲ್ಲಿ ಮೇಲೆ ಸಣ್ಣ ಸುಳಿ ಕಾಣುತ್ತದೆ. ಆದರೆ ಅಂದು ಗಾಳಿಯಿತ್ತು, ನೀರೆಲ್ಲ ಅಲೆ. ಮುದ್ದೀರ ಏರಿಯ ಮೇಲೆ ನಿಂತು ಚೀಲ ಬಿಚ್ಚಿ ಭಂಡಾರವನ್ನು ಹಿಡಿಹಿಡಿಯಾಗಿ ನೀರಿಗೆ ಎರಚಿದ. ಹಿಂದೆ ಬಂದವರು ಕಣ್ಣು ಮುಚ್ಚಿಕೊಂಡರು, ಕೆಲವರು ಮಣ್ಣು ಎತ್ತಿ ತೂರಿ ಶಾಪ ಹಾಕಿದರು. ಹಳದಿ ನೀರ ಮೇಲೆ ಹರಡಿತು, ಅಲೆಗೆ ಹಿಂದೆ ಮುಂದೆ ಆಡಿತು. ಒಂದು ಕಡೆ ಮಾತ್ರ ಆಡಲಿಲ್ಲ. ಏರಿಯ ಬದಿಯ ಒಂದು ಹುಣಸೆಮರದ ನೇರಕ್ಕೆ, ದಡದಿಂದ ಐದು ಮೊಳ ಆಚೆ, ಹಳದಿ ಒಂದು ದಾರವಾಗಿ ಬಾಗಿತು, ಸುತ್ತಿತು, ಮುಳುಗಿತು. ಎಲೆ ಅಡಿಕೆ ಮಡಿಸಿ ಬಾಯಿಗಿಡುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಏರಿಯ ಕೆಳಗಿನಿಂದ ಲಕ್ಕವ್ವನ ಕೂಗು ಕೇಳಿತು. "ಅರಿಶಿಣ ಬಂತು! ಯಪ್ಪಾ, ನನ್ನ ಹೊಲಕ್ಕೆ ಅರಿಶಿಣ ಬಂತು!"

ಓಬಣ್ಣ ಏರಿ ಇಳಿದು ನೋಡಿದ. ಒರತೆಯ ಬಾಯಿ ಈಗ ಮನುಷ್ಯನ ತೊಡೆಯಷ್ಟು ಅಗಲವಾಗಿತ್ತು. ಕದಡಿದ ನೀರಿನಲ್ಲಿ ಹಳದಿ ಎಳೆಎಳೆಯಾಗಿ ಹೊರಬರುತ್ತಿತ್ತು. ಅವನು ಬೆರಳು ಅದ್ದಿದ, ಮೂಸಿದ. ಬೀರಪ್ಪನ ಭಂಡಾರವೇ. ಎಂಟು ದಿನ ಊರೆಲ್ಲ ಆಡಿದ ಅವನ ಬಾಯಿಗೆ ಆಗ ಒಂದೇ ಮಾತು ಬಂತು ಎನ್ನುತ್ತಾರೆ. "ಮಂಕರಿ ತರ್ರೋ!"

ಬುಟ್ಟಿಬುಟ್ಟಿಯಾಗಿ ಮಣ್ಣು ತಂದು ಸುರಿದರು. ನೀರು ನುಂಗಿತು. ಮುಳ್ಳು ಕಡಿದು ಹಾಕಿದರು, ಕಲ್ಲು ಉರುಳಿಸಿದರು, ನುಂಗಿತು. ಗಂಡಸರು ಹೆಗಲ ಮೇಲಿನ ಕಂಬಳಿಗಳನ್ನು ಗಂಟು ಕಟ್ಟಿ ಬಿಟ್ಟರು. ಒಂದು ಕಡೆ ಒಳಹೋದ ಗಂಟು ಇನ್ನೊಂದು ಕಡೆ ಲಕ್ಕವ್ವನ ಹೊಲದಲ್ಲಿ ಬಂದು ಬಿತ್ತು. ಬಾಯಿಗಿಂತ ದೊಡ್ಡದು ಬೇಕಿತ್ತು, ನೀರು ಹೀರದಂಥದ್ದು ಬೇಕಿತ್ತು. ಅಂಥದ್ದು ಆ ಊರಿನಲ್ಲಿ ಇದ್ದದ್ದು ಒಂದೇ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಮುದ್ದೀರ ಮತ್ತೆ ಗುಡಿಯ ಕಡೆ ಓಡಿದ.

ಹಾಲಜ್ಜ ಕೂತಲ್ಲೇ ಕೂತಿದ್ದ. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಮುದ್ದೀರ ಬಂದು ನಿಂತ.

"ಅಜ್ಜಾ, ಏಳು."

"ಏಳಂಗಿಲ್ಲ ಕಣ್ಲಾ. ತೀರ್ಪಾಗಿಲ್ಲ."

"ಹಂಗಾರೆ ಹೇಳಿಬಿಡು. ಹೆಂಗಾರ ಹೇಳು. ಬೇಗ."

"ಭಂಡಾರ ಎಲ್ಲೈತೆ? ಅದಿಲ್ದೆ ಹೇಳಿದ್ರೆ ಅದು ತೀರ್ಪಲ್ಲ, ಹರಟೆ." ಮುದುಕ ಕಂಬಳಿಯ ಅಂಚನ್ನು ಒತ್ತಿ ಹಿಡಿದ. "ಮುದ್ದೀರ, ಇದರ ಮ್ಯಾಲೆ ಕಾಲಿಟ್ರೆ ನಿನ್ನ ಕುಲದಿಂದ ಹೊರಗೆ ಹಾಕಬೇಕಾಯ್ತದೆ. ನನ್ನ ಬಾಯಿಂದಲೇ ಹಾಕಬೇಕು."

"ಹಾಕು ಅಜ್ಜ. ನಾಳೆ ಹೊರಗೆ ಹಾಕಾಕೆ ಇವತ್ತು ಊರು ಉಳೀಲಿ."

ಇಷ್ಟು ಹೇಳಿ ಅವನು ಗದ್ದುಗೆಯ ನಡುವೆ ಕಾಲಿಟ್ಟ. ಕೋಲನ್ನು ಎತ್ತಿ ಪಕ್ಕಕ್ಕಿಟ್ಟ, ಕಂಬಳಿ ಎಳೆದ. ಇಲ್ಲಿ ಐತಿಹ್ಯ ಎರಡಾಗುತ್ತದೆ. ಮುದ್ದೀರ ಮುದುಕನ ಕೆಳಗಿನಿಂದಲೇ ಕಂಬಳಿ ಕಿತ್ತುಕೊಂಡ ಎಂದು ಕೆಲವರು ಹೇಳುತ್ತಾರೆ. ಇಬ್ಬರು ಹಿಡಿಯದೆ ಏಳಲಾಗದ ಹಾಲಜ್ಜ ಆ ಗಳಿಗೆ ತಾನೇ ಒಂದು ಗೇಣು ಸರಿದು ಕೂತ ಎಂದು ಉಳಿದವರು ಹೇಳುತ್ತಾರೆ. ನೋಡಿದವರು ಯಾರೂ ಇರಲಿಲ್ಲ. ಅವರಿಬ್ಬರೂ ಕೊನೆಯವರೆಗೆ ಅದರ ಮಾತೆತ್ತಲಿಲ್ಲ.

ಕಂಬಳಿಯನ್ನು ಎರಡು ಮಡಿಕೆ ಮಾಡಿ, ನಾಲ್ಕು ಮೂಲೆಗೂ ಕಲ್ಲು ಕಟ್ಟಿ, ಮುದ್ದೀರ ಅದರೊಂದಿಗೇ ನೀರಿಗಿಳಿದ. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಓಬಣ್ಣನ ಕೈಯಲ್ಲಿತ್ತು. ಸುಳಿಯ ಹತ್ತಿರ ಬರುತ್ತಲೇ ನೀರು ಕಂಬಳಿಯನ್ನು ಅವನ ಕೈಯಿಂದ ಕಸಿದುಕೊಂಡಿತು. ಬಾಯಿಗೆ ಅಂಗೈ ಒತ್ತಿದ ಹಾಗೆ ಧಪ್ಪೆಂದು ಕೂರಿಸಿಕೊಂಡಿತು. ಹುಣಸೆಬೀಜದ ಗಂಜಿ ಕುಡಿದ ಉಣ್ಣೆ ಬಿಗಿದು ನಿಂತಿತು. ಹರಿಯಲಿಲ್ಲ, ಒಳಕ್ಕೂ ಹೋಗಲಿಲ್ಲ. ಓಬಣ್ಣ ಹಗ್ಗ ಎಳೆದು ಮುದ್ದೀರನನ್ನು ಮೇಲೆತ್ತಿದ. ಆಮೇಲೆ ಕಂಬಳಿಯ ಮೇಲೆ ಮಣ್ಣು, ಅದರ ಮೇಲೆ ಕಲ್ಲು, ಮತ್ತೆ ಮಣ್ಣು. ಹೊತ್ತು ಇಳಿಯುವವರೆಗೆ ಊರೆಲ್ಲ ಮಂಕರಿ ಹೊತ್ತಿತು. ಕೆಳಗೆ ಅಂಬಲಿಯಂಥ ನೀರು ಮಜ್ಜಿಗೆಯಂತಾಯಿತು, ಮಜ್ಜಿಗೆ ತೆಳುವಾಯಿತು. ಮಾರನೆಯ ಬೆಳಿಗ್ಗೆ ಹೆಬ್ಬೆರಳು ಗಾತ್ರದ ಜಿನುಗೊಂದೇ ಉಳಿದಿತ್ತು, ತಿಳಿಯಾಗಿ.

ಮುಂದಿನ ಸೋಮವಾರ ಮುದ್ದೀರ ತಾನಾಗಿಯೇ ಗುಡಿಯ ಮುಂದೆ ಬಂದು ಕುಳಿತ. ತೀರ್ಪು ಆಗಲಿ ಎಂದ. ತೀರ್ಪಿಗೆ ಗದ್ದುಗೆ ಬೇಕು, ಗದ್ದುಗೆ ಏರಿಯ ಹೊಟ್ಟೆಯಲ್ಲಿದೆ. ಹೊಸದು ನೇಯಬೇಕೆಂದರೆ ಹಳೆಯದರ ಒಂದು ಎಳೆ ಬೇಕು, ಎಳೆ ತೆಗೆಯಲು ಹೋದರೆ ಕೆರೆ ಹೋಗುತ್ತದೆ. ಓಬಣ್ಣ ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಎದ್ದ. ಅದನ್ನೂ ಗದ್ದುಗೆಯ ಮುಂದೆಯೇ ಹೇಳಬೇಕಿತ್ತು, ಮತ್ತೆ ಕೂತ. ಸರದಿ ತಪ್ಪಿಸಿದ ದೂರು, ಭಂಡಾರ ಕದ್ದ ದೂರು, ಗದ್ದುಗೆ ಮೆಟ್ಟಿದ ದೂರು, ಮೂರೂ ಹಾಗೇ ಉಳಿದವು. ಅವನನ್ನು ಹೊರಗೆ ಹಾಕಲೂ ಆಗಲಿಲ್ಲ, ನಿರ್ದೋಷಿ ಎನ್ನಲೂ ಆಗಲಿಲ್ಲ. ಕೋಲನ್ನು ಕೈಗೆ ಕೊಡುವಂತಿಲ್ಲ, ಕಿತ್ತುಕೊಳ್ಳುವಂತೆಯೂ ಇಲ್ಲ. ಕೊನೆಗೆ ಹಾಲಜ್ಜ ಅದನ್ನು ತೆಗೆದುಕೊಂಡು ಹೋಗಿ, ಗಂಡಿ, ಎಂದರೆ ಆ ತೂತು, ಬಿದ್ದಿದ್ದ ನೇರಕ್ಕೆ ಏರಿಯ ಮೇಲೆ ನೆಟ್ಟ. "ಇದು ಯಾರ್ದೂ ಅಲ್ಲ. ಬೆಳಿಗ್ಗೆ ತಗಾ, ಸಂಜೆ ಇಲ್ಲೇ ತಂದಿಡು. ಮನಿಗೆ ಒಯ್ಯಬ್ಯಾಡ," ಎಂದ.

ಮುದ್ದೀರ ಮತ್ತೆ ಸಾವಿರದ ನೂರ ನಲವತ್ತು ಹೆಜ್ಜೆ ನಡೆಯತೊಡಗಿದ. ಹೆಚ್ಚಿನ ದಿನ ಓಬಣ್ಣನೂ ಜೊತೆಗಿರುತ್ತಿದ್ದ. ಆದರೆ ಮುದ್ದೀರನಿಗೆ ನೆಮ್ಮದಿ ಬರಲಿಲ್ಲ. ಊರು ಕೈ ಮುಗಿದರೂ ಅವನಿಗೆ ಬೇಕಿದ್ದದ್ದು ಆ ಒಂದು ಮಾತು. ಹಾಲಜ್ಜ ಹಾಸಿಗೆ ಹಿಡಿದಾಗ ಹೋಗಿ ಪಕ್ಕದಲ್ಲಿ ಕುಳಿತ. "ಅಜ್ಜಾ, ಬಾಯ್ಮಾತಿಗಾದ್ರೂ ಹೇಳು. ನಾನು ತಪ್ಪು ಮಾಡ್ದೆನಾ, ಇಲ್ವಾ?" ಮುದುಕ ಕಣ್ಣು ಬಿಟ್ಟು, "ಕೆಳಗಿನ ನೀರು ಹೆಂಗೈತೆ?" ಎಂದ. "ತಿಳಿ ಐತೆ." "ಇವತ್ತು ನೋಡಿದ್ಯಾ?" ಮುದ್ದೀರ ಬೆಳಗಿನಿಂದ ಮುದುಕನ ಬಳಿಯೇ ಇದ್ದ, ನೋಡಿರಲಿಲ್ಲ. "ಮತ್ತೆ ಇಲ್ಯಾಕೆ ಕುಂತಿದ್ದೀಯ? ಹೋಗ್ಲಾ," ಎಂದ ಹಾಲಜ್ಜ. ಮುದ್ದೀರ ಎದ್ದು ಹೋದ. ನೀರು ತಿಳಿಯಾಗಿತ್ತು. ಅವನು ಮರಳಿ ಬರುವಷ್ಟರಲ್ಲಿ ತೀರ್ಪು ಹೇಳಬೇಕಾದ ಬಾಯಿ ಮುಚ್ಚಿತ್ತು.

ಅಂದಿನಿಂದ ಎರೆಕಟ್ಟೆ ಎಂಬ ಹೆಸರು ಹೋಗಿ ಕಂಬಳಿಗಂಡಿ ಎಂಬುದು ನಿಂತಿತು ಎನ್ನುತ್ತಾರೆ. ಇಂದಿಗೂ ಆ ಊರಿನಲ್ಲಿ ನ್ಯಾಯಕ್ಕೆ ಕಂಬಳಿ ಹಾಸುವುದಿಲ್ಲ. ಜಗಳವಿದ್ದವರು ಏರಿಯ ಮೇಲೆ ನಿಂತು ಮಾತಾಡುತ್ತಾರೆ. ಪಂಚಾಯತಿ ಕಚೇರಿಯ ಕಿಟಕಿ ಕೆರೆಯ ಕಡೆಗೇ ಇದೆ. ಸಭೆ ನಡೆಯುವಾಗ ಯಾರಾದರೂ ಮಾತಿನ ನಡುವೆ ಆ ಕಡೆ ಹೊರಳಿ ನೋಡುತ್ತಲೇ ಇರುತ್ತಾರೆ. ಬೇರೆ ಊರಿನ ಅಧಿಕಾರಿಗಳಿಗೆ ಇದು ಅಗೌರವವಾಗಿ ಕಾಣುತ್ತದೆ. ಊರಿನವರು ಅದಕ್ಕೆ ವಿವರಣೆ ಕೊಡುವುದಿಲ್ಲ, ಫಲಕ ತೋರಿಸುತ್ತಾರೆ.

ಫಲಕದ ಮುಂದೆ ನಿಂತು, ಚಿತ್ರದವನು ನೋಡುವ ಕಡೆಗೆ ನೋಡಿದರೆ ಏರಿಯ ಮೇಲೆ ನೆಟ್ಟ ಒಂದು ಕೋಲು ಕಾಣುತ್ತದೆ. ಹಳೆಯದು ಗೆದ್ದಲು ಹಿಡಿದು ಎಷ್ಟೋ ಸಲ ಬದಲಾಗಿದೆ. ಅದರ ನೇರ ಕೆಳಗೆ ಕಲ್ಲು ಕಟ್ಟಿದ ಸಣ್ಣ ಬಾಯಿಯಿಂದ ಹೆಬ್ಬೆರಳು ಗಾತ್ರದ ನೀರು ಜಿನುಗುತ್ತದೆ. ಹೊಲಕ್ಕೆ ಹೋಗುವವರು ಒಂದು ಬೊಗಸೆ ಹಿಡಿದು ಬಿಸಿಲಿಗೆ ಎತ್ತಿ ನೋಡಿ ಚೆಲ್ಲಿ ಮುಂದೆ ನಡೆಯುತ್ತಾರೆ. ಈಗಿನ ನೀರಗಂಟಿ ತಿಪ್ಪೇರುದ್ರ ಎಂಬ ನಲವತ್ತರ ಆಸುಪಾಸಿನ ಮನುಷ್ಯ. ಬೆಳಿಗ್ಗೆ ಕೋಲು ಕೀಳುತ್ತಾನೆ, ಸಂಜೆ ಅಲ್ಲೇ ಊರುತ್ತಾನೆ. ಮನೆಗೆ ಏಕೆ ಒಯ್ಯುವುದಿಲ್ಲ ಎಂದು ಬಂದವರು ಕೇಳಿದರೆ, "ಇನ್ನೂ ತೀರ್ಪಾಗಿಲ್ಲ ಸಾರ್," ಎನ್ನುತ್ತಾನೆ. ಯಾವಾಗ ಆಗುತ್ತದೆ ಎಂದರೆ, "ಕಂಬಳಿ ಹೊರಗೆ ಬಂದ ದಿನ," ಎಂದು ಹೇಳಿ, ಬಾಗಿ ಬೊಗಸೆಗೆ ನೀರು ಹಿಡಿದು ಬಣ್ಣ ನೋಡುತ್ತಾನೆ.